ಪುಕ್ಕಟೆ ಬ್ರೌಸರ್ ಆಟಗಳು ಎಲ್ಲಿ ಕೆಡುತ್ತವೆ? ಬೈಯುವುದು ಬೇಡ, ಕಾರಣ ಹೇಳಿ

ಎರಡನೇಸುತ್ತು:

ಪುಕ್ಕಟೆ ಬ್ರೌಸರ್ ಆಟಗಳ ಕೆಳಗೆ ಜನ ಬರೆಯುವ ಅಭಿಪ್ರಾಯ ನೋಡಿ: "ಬೋರು", "ಲ್ಯಾಗು", "ಬರೀ ಜಾಹೀರಾತು". ಇದರಿಂದ ಏನು ತಿದ್ದಬೇಕು ಅಂತ ಆಟ ಮಾಡಿದವರಿಗೆ ಗೊತ್ತಾಗಲ್ಲ. ಈ ಎಳೆಯಲ್ಲಿ ಒಂದೊಂದೇ ದೋಷ ಹಿಡಿದು ಬರೆಯೋಣ: ಯಾವಾಗ ಕಾಣಿಸುತ್ತೆ, ಯಾಕೆ ಆಗುತ್ತೆ, ಹೇಗೆ ಸರಿಮಾಡಬಹುದು. "ಬಿಟ್ಟಿ ಸಿಕ್ಕಿದ್ದಕ್ಕೆ ದೂರ್ಯಾಕೆ" ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಂಥ ತಪ್ಪುಗಳಲ್ಲಿ ಹೆಚ್ಚಿನವು ಹತ್ತಿಪ್ಪತ್ತು ಸಾಲು ಕೋಡ್‌ನಲ್ಲಿ ಸರಿಹೋಗುತ್ತವೆ. ದುಡ್ಡಿಲ್ಲ ಅನ್ನೋ ನೆಪ ಇವಕ್ಕೆ ಸಲ್ಲದು.

ನನ್ನ ಕಡೆಯಿಂದ ಮೊದಲನೆಯದು, ಆಟದ ವೇಗ ಪರದೆಗೆ ಗಂಟುಬಿದ್ದಿರುವುದು. ಬ್ರೌಸರ್ ಪ್ರತಿ ಸಲ ಪರದೆಯನ್ನು ಹೊಸದಾಗಿ ಬಿಡಿಸುವ ಮುನ್ನ ರಿಕ್ವೆಸ್ಟ್ ಆನಿಮೇಶನ್ ಫ್ರೇಮ್ ಮೂಲಕ ಆಟವನ್ನು ಒಮ್ಮೆ ಕರೆಯುತ್ತೆ. ಕರೆ ಬಂದಾಗಲೆಲ್ಲ "5 ಪಿಕ್ಸೆಲ್ ಮುಂದೆ ಸರಿ" ಅಂತ ಬರೆದಿದ್ದರೆ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸುವ) ಪರದೆಯಲ್ಲಿ ಸೆಕೆಂಡಿಗೆ 300 ಪಿಕ್ಸೆಲ್ ಓಟ, 144 ಹರ್ಟ್ಸ್ ಪರದೆಯಲ್ಲಿ 720. ಅಂದರೆ 2.4 ಪಟ್ಟು. ಐಫೋನ್ ಬ್ಯಾಟರಿ ಉಳಿತಾಯದಲ್ಲಿದ್ದರೆ ಸಫಾರಿ ಈ ಕರೆಯನ್ನು ಸೆಕೆಂಡಿಗೆ 30ಕ್ಕೆ ಇಳಿಸುತ್ತೆ, ಆಗ ಅದೇ ಆಟ ಅರ್ಧ ವೇಗ. ಇಂಥ ಆಟದ ಅಂಕಪಟ್ಟಿಗೆ ಅರ್ಥವೇ ಇಲ್ಲ.

ಪರೀಕ್ಷೆ ಮಾಡೋದು ಸುಲಭ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ದರ ಬದಲಿಸಿ, ಒಂದೇ ಹಂತದ ಒಂದೇ ದೂರ ಕ್ರಮಿಸಲು ಎಷ್ಟು ಸೆಕೆಂಡ್ ಬೇಕು ಅಂತ ಗಡಿಯಾರ ಹಿಡಿದು ಎರಡು ಸಲ ಅಳೆಯಿರಿ. ಎರಡು ಉತ್ತರ ಬಂದರೆ ದೋಷ ಇದೇ. ಕಳೆದ ಸಮಯದಿಂದ ವೇಗವನ್ನು ಗುಣಿಸಿದರೆ ಸರಿಹೋಗುತ್ತೆ.

ಬಿಡಿಸಂಖ್ಯೆ:

ಕೊನೆಯ ಸಾಲನ್ನು ಒಪ್ಪಲಾರೆ. ಸಮಯದಿಂದ ಗುಣಿಸುವುದು ಅರ್ಧ ಪರಿಹಾರ ಅಷ್ಟೇ. ಸೆಕೆಂಡಿಗೆ 1200 ಪಿಕ್ಸೆಲ್ ಹೋಗುವ ಗುಂಡು 60 ಹರ್ಟ್ಸ್‌ನಲ್ಲಿ ಒಂದು ಹೆಜ್ಜೆಗೆ 20 ಪಿಕ್ಸೆಲ್ ಜಿಗಿಯುತ್ತದೆ. ಗೋಡೆಯ ದಪ್ಪ 10 ಪಿಕ್ಸೆಲ್ ಆಗಿದ್ದರೆ ಆಚೆ ಈಚೆ ಎರಡೂ ಕಡೆ ಖಾಲಿ ಜಾಗವೇ ಸಿಕ್ಕಿ ಗುಂಡು ಗೋಡೆಯನ್ನು ಮುಟ್ಟದೆ ದಾಟಿಬಿಡುತ್ತದೆ. ಕಂಪ್ಯೂಟರ್ ಒಂದು ಕ್ಷಣ ತಡವರಿಸಿ ಹೆಜ್ಜೆಯ ಅಂತರ 50 ಮಿಲಿಸೆಕೆಂಡ್ ಆಯಿತೆನ್ನಿ, ಆಗ ಜಿಗಿತ 60 ಪಿಕ್ಸೆಲ್. ಆಟಗಾರ ಬೇರೆ ಟ್ಯಾಬಿಗೆ ಹೋಗಿ ಬಂದರೆ ಅಂತರ ಎಷ್ಟೋ ಸೆಕೆಂಡ್ ಇರುತ್ತದೆ, ಪಾತ್ರ ನೆಲವನ್ನೇ ತೂರಿಕೊಂಡು ಕೆಳಗೆ ಬೀಳುತ್ತದೆ. "ಟ್ಯಾಬ್ ಬದಲಿಸಿ ಬಂದ್ರೆ ಸಾಯ್ತೀನಿ" ಅನ್ನುವ ದೂರುಗಳ ಬೇರು ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಹೆಜ್ಜೆಯ ಉದ್ದ ಬದಲಾದರೆ ಗುರುತ್ವದ ಲೆಕ್ಕವೂ ಅಷ್ಟಷ್ಟು ಬದಲಾಗಿ, ಒಬ್ಬರಿಗೆ ಏರಲಿಕ್ಕಾಗುವ ಕಟ್ಟೆ ಇನ್ನೊಬ್ಬರಿಗೆ ಕೂದಲೆಳೆಯಲ್ಲಿ ತಪ್ಪುತ್ತದೆ.

ಮಾಡಬೇಕಾದದ್ದು ಹೀಗೆ. ಆಟದ ಲೆಕ್ಕಕ್ಕೆ 16.67 ಮಿಲಿಸೆಕೆಂಡಿನ ಸ್ಥಿರ ಹೆಜ್ಜೆ ಇಟ್ಟುಕೊಳ್ಳಿ. ಕಳೆದ ಸಮಯವನ್ನು ಒಂದು ಡಬ್ಬಿಗೆ ತುಂಬುತ್ತಾ ಹೋಗಿ, ಡಬ್ಬಿಯಲ್ಲಿ 16.67 ಇರುವವರೆಗೂ ಒಂದೊಂದು ಹೆಜ್ಜೆ ನಡೆಸಿ ಅಷ್ಟನ್ನು ಕಳೆಯಿರಿ. ಉಳಿದ ಚೂರನ್ನು ಹಿಂದಿನ ಸ್ಥಾನ, ಈಗಿನ ಸ್ಥಾನಗಳ ನಡುವೆ ಚಿತ್ರ ಬಿಡಿಸಲು ಬಳಸಿ. ಒಂದು ಸಲಕ್ಕೆ ಡಬ್ಬಿಗೆ 250 ಮಿಲಿಸೆಕೆಂಡಿಗಿಂತ ಹೆಚ್ಚು ತುಂಬಬೇಡಿ. ಈ ಮಿತಿ ಮರೆತರೆ ನಿಧಾನದ ಯಂತ್ರದಲ್ಲಿ ಹಿಂದುಳಿದ ಹೆಜ್ಜೆಗಳೇ ಬೆಳೆದು ಆಟ ಪೂರ್ತಿ ನಿಂತುಬಿಡುತ್ತದೆ. ಗುಂಡಿನಂಥ ವೇಗದ ವಸ್ತುಗಳಿಗೆ ಸ್ಥಿರ ಹೆಜ್ಜೆಯೂ ಸಾಲದು. ಹಳೆಯ ಸ್ಥಾನದಿಂದ ಹೊಸ ಸ್ಥಾನಕ್ಕೆ ಗೆರೆ ಎಳೆದು, ಆ ಗೆರೆ ಗೋಡೆಗೆ ತಾಗುತ್ತದೆಯೇ ಎಂದು ನೋಡಬೇಕು.

ಎರಡನೇಸುತ್ತು:

ಸರಿ, ತಿದ್ದಿಕೊಂಡೆ. ಗುಣಾಕಾರ ಮಾತ್ರ ಸಾಲದು.

ಮೂಲೆಚೌಕ:

ಓಟ, ಹೊಡೆದಾಟದ ಆಟಗಳ ದೋಷ ಕಣ್ಣಿಗೆ ಕಾಣುತ್ತೆ. ಪಜಲ್‌ಗಳದ್ದು ಕಾಣಲ್ಲ, ಅದಕ್ಕೇ ಅವು ಹೆಚ್ಚು ಮೋಸ. ಬಿಡಿಸಲಾಗದ ಒಗಟು ಕೊಟ್ಟರೆ ಆಡುವವರು ತಮ್ಮ ತಲೆಯನ್ನೇ ಬೈದುಕೊಳ್ತಾರೆ.

15 ಬಿಲ್ಲೆಗಳ ಜಾರು ಪಜಲ್ ತಗೊಳ್ಳಿ, ಒಂದು ಖಾಲಿ ಮನೆಗೆ ಜಾರಿಸುತ್ತಾ ಬಿಲ್ಲೆಗಳನ್ನು 1ರಿಂದ 15ರ ಕ್ರಮಕ್ಕೆ ತರೋದು. ಬಿಲ್ಲೆಗಳನ್ನು ಸುಮ್ಮನೆ ಕಲಸಿ ಇಟ್ಟರೆ ಸರಿಯಾಗಿ ಅರ್ಧದಷ್ಟು ಜೋಡಣೆಗಳು ಎಂದಿಗೂ ಬಿಡಿಸಲಾಗದವು. 14 ಮತ್ತು 15 ಅದಲುಬದಲಾದ ಜೋಡಣೆ ಇದಕ್ಕೆ ಹಳೆಯ ಉದಾಹರಣೆ. ಪರೀಕ್ಷೆ: ಖಾಲಿ ಮನೆ ಬಲಗಡೆಯ ಕೆಳಮೂಲೆಯಲ್ಲಿದ್ದಾಗ ಬಿಲ್ಲೆಗಳನ್ನು ಸಾಲಾಗಿ ಓದಿ, ದೊಡ್ಡ ಸಂಖ್ಯೆ ಚಿಕ್ಕದಕ್ಕಿಂತ ಮೊದಲು ಬಂದ ಜೋಡಿಗಳನ್ನು ಎಣಿಸಿ. ಸಮಸಂಖ್ಯೆ ಬಂದರೆ ಬಿಡಿಸಬಹುದು, ಬೆಸ ಬಂದರೆ ಇಲ್ಲ. ಬೆಸ ಬಂದಾಗ ಯಾವುದಾದರೂ ಎರಡು ಬಿಲ್ಲೆ ಅದಲುಬದಲು ಮಾಡಿದರೆ ಮುಗೀತು. ಒಂದು ಸಾಲಿನ ತಿದ್ದುಪಡಿ! ಅದನ್ನೂ ಮಾಡದ ಆಟಗಳು ಬೇಕಾದಷ್ಟಿವೆ.

ಮೈನ್‌ಸ್ವೀಪರ್‌ನಲ್ಲಿ ತೆರೆದ ಮನೆಯ ಅಂಕಿ ಸುತ್ತಲ ಬಾಂಬ್‌ಗಳ ಎಣಿಕೆ ಹೇಳುತ್ತೆ, ಅದನ್ನು ನೋಡಿ ಬಾಂಬ್ ತಪ್ಪಿಸಬೇಕು. ಅದರ ಕಷ್ಟದ ಹಂತ 30 ಅಡ್ಡ, 16 ಉದ್ದ, 99 ಬಾಂಬ್. ಅಂದರೆ 480 ಮನೆಯಲ್ಲಿ 20.6 ಶೇಕಡ. ಬಾಂಬ್‌ಗಳನ್ನು ಮೊದಲೇ ಹಾಕಿಟ್ಟಿದ್ದರೆ ಐದರಲ್ಲಿ ಒಂದು ಆಟ ಮೊದಲ ಕ್ಲಿಕ್ಕಿಗೇ ಮುಗಿಯುತ್ತೆ. ವಿಂಡೋಸಿನ ಹಳೆಯ ಆವೃತ್ತಿ ಮೊದಲ ಕ್ಲಿಕ್ಕಿಗೆ ಬಾಂಬ್ ಸಿಕ್ಕರೆ ಅದನ್ನು ಎಡ ಮೇಲ್ಮೂಲೆಗೆ ಸಾಗಿಸುತ್ತಿತ್ತು. ಅದೂ ಪೂರ್ತಿ ಸಾಲದು, ಯಾಕಂದ್ರೆ ಒಂದೇ ಒಂದು ಅಂಕಿ ತೆರೆದು ನಿಂತರೆ ಮುಂದಿನದು ಊಹೆಯೇ. ಮೊದಲ ಕ್ಲಿಕ್ ಆದ ಮೇಲೆ, ಆ ಮನೆ ಮತ್ತು ಸುತ್ತಲಿನ ಎಂಟನ್ನು ಬಿಟ್ಟು ಬಾಂಬ್ ಹಾಕಬೇಕು. ಇನ್ನೂ ಚೆನ್ನಾಗಿ ಮಾಡಬೇಕು ಅಂದ್ರೆ ಸೈಮನ್ ಟ್ಯಾಥಮ್ ಅವರ ಪಜಲ್ ಸಂಗ್ರಹದ ಮೈನ್ಸ್ ನೋಡಿ. ಬ್ರೌಸರಿನಲ್ಲೇ ಆಡಬಹುದು, ಮೊದಲ ಕ್ಲಿಕ್ ಆದ ಮೇಲೆ ಊಹೆಯಿಲ್ಲದೆ ಬಿಡಿಸಬಹುದಾದ ಹಲಗೆಯನ್ನೇ ತಯಾರಿಸಿ ಕೊಡುತ್ತೆ. ಇದೂ ಪುಕ್ಕಟೆಯೇ.

ಸುಡೋಕುವಿನಲ್ಲಿ ಬೇರೆ ಥರದ ಅನ್ಯಾಯ. ಎರಡು ಸಾಲು, ಎರಡು ಕಂಬ, ಎರಡೇ ಪೆಟ್ಟಿಗೆಗಳಲ್ಲಿ ಕೂತ ನಾಲ್ಕು ಮನೆಗಳಲ್ಲಿ ಒಂದೇ ಜೋಡಿ ಅಂಕಿ ಉಳಿದರೆ ಅದಲುಬದಲು ಮಾಡಿದರೂ ನಿಯಮ ಮುರಿಯಲ್ಲ. ಎರಡು ಉತ್ತರ ಆಯ್ತು. ಆದರೆ ಆಟ ತನ್ನಲ್ಲಿ ಬಚ್ಚಿಟ್ಟ ಒಂದೇ ಉತ್ತರಕ್ಕೆ ಹೋಲಿಸಿ, ನಿಮ್ಮ ಸರಿಯಾದ ಉತ್ತರಕ್ಕೆ ಕೆಂಪು ಬಳಿಯುತ್ತೆ. ತಯಾರಿಸುವಾಗ ಬಿಡಿಸುವ ಪ್ರೋಗ್ರಾಮನ್ನು ಓಡಿಸಿ, ಎರಡನೇ ಉತ್ತರ ಸಿಕ್ಕ ಕೂಡಲೆ ಆ ಹಲಗೆಯನ್ನು ಎಸೆಯಬೇಕು. 17ಕ್ಕಿಂತ ಕಡಿಮೆ ಅಂಕಿ ಕೊಟ್ಟಿದ್ದರಂತೂ ಪರೀಕ್ಷೆಯೇ ಬೇಡ, ಒಂದೇ ಉತ್ತರ ಇರಲು ಸಾಧ್ಯವಿಲ್ಲ ಅಂತ 2012ರಲ್ಲೇ ಕಂಪ್ಯೂಟರ್ ಲೆಕ್ಕದಿಂದ ತೋರಿಸಲಾಗಿದೆ.

ಬಿಡಿಸಂಖ್ಯೆ:

ಇದಕ್ಕೆ ಎಲೆ ಕಲಸುವ ತಪ್ಪನ್ನೂ ಸೇರಿಸಿ. ಇಸ್ಪೀಟಿನ ಆಟಗಳಲ್ಲಿ ಪ್ರತಿ ಎಲೆಯನ್ನೂ 52ರಲ್ಲಿ ಯಾವುದೋ ಒಂದರ ಜೊತೆ ಬದಲಿಸುವ ಕೋಡ್ ಬಹಳ ಕಡೆ ಇದೆ. ನೋಡಲು ಸರಿಯೇ ಅನಿಸುತ್ತದೆ. ಮೂರು ಎಲೆ ಇಟ್ಟು ಲೆಕ್ಕ ಹಾಕಿ: ಮೂರು ಸಲ ಮೂರು ಆಯ್ಕೆ, ಒಟ್ಟು 27 ದಾರಿ. ಜೋಡಣೆಗಳು 6. ಆರರಿಂದ 27 ಭಾಗವಾಗದು, ಹಾಗಾಗಿ ಮೂರು ಜೋಡಣೆಗೆ 5 ದಾರಿ, ಉಳಿದ ಮೂರಕ್ಕೆ 4 ದಾರಿ. ಕೆಲವು ಹಂಚಿಕೆ ಹೆಚ್ಚು ಸಲ ಬರುತ್ತವೆ. ಸರಿಯಾದ ಕ್ರಮ ಫಿಶರ್-ಯೇಟ್ಸ್: ಕೊನೆಯ ಎಲೆಯಿಂದ ಶುರುಮಾಡಿ, ಪ್ರತಿ ಎಲೆಯನ್ನು ತಾನೂ ಸೇರಿದಂತೆ ತನಗಿಂತ ಹಿಂದಿನವುಗಳಲ್ಲಿ ಒಂದರ ಜೊತೆ ಮಾತ್ರ ಬದಲಿಸುವುದು. ವಿಂಗಡಿಸುವ ಸಾರ್ಟ್ ಫಂಕ್ಷನ್ನಿಗೆ ಯಾದೃಚ್ಛಿಕ ಸಂಖ್ಯೆ ಕೊಟ್ಟು ಕಲಸುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು.

ಕಪ್ಪುಪರದೆ:

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಕೀಲಿಗಳಿಗೆ. ಶೂಟಿಂಗ್ ಆಟದಲ್ಲಿ ಬಗ್ಗೋಕೆ ಕಂಟ್ರೋಲ್ ಕೀ, ಮುಂದೆ ನಡೆಯೋಕೆ ಡಬ್ಲ್ಯು. ಬಗ್ಗಿಕೊಂಡು ಮುಂದೆ ಹೋದ್ರೆ ಕಂಟ್ರೋಲ್-ಡಬ್ಲ್ಯು, ಟ್ಯಾಬೇ ಮುಚ್ಚಿಹೋಗುತ್ತೆ! ಕಂಟ್ರೋಲ್ ಜೊತೆ ಡಬ್ಲ್ಯು, ಟಿ, ಎನ್ ಈ ಮೂರನ್ನೂ ಬ್ರೌಸರ್ ತನ್ನ ಕೈಲೇ ಇಟ್ಟುಕೊಂಡಿದೆ, ಮಾಮೂಲಿ ಟ್ಯಾಬಿನಲ್ಲಿ ಪುಟ ತಡೆಯೋಕಾಗಲ್ಲ. ಬಗ್ಗೋಕೆ ಸಿ ಅಥವಾ ಶಿಫ್ಟ್ ಕೊಡಿ, ಮುಚ್ಚುವ ಮುನ್ನ "ಹೊರಡ್ತೀರಾ" ಅಂತ ಕೇಳೋ ಹಾಗೆ ಮಾಡಿ. ಎಸ್ಕೇಪ್ ಕೂಡ ಬ್ರೌಸರಿನ ಪಾಲು, ಪೂರ್ಣಪರದೆಯಿಂದಲೂ ಮೌಸ್ ಹಿಡಿತದಿಂದಲೂ ಹೊರಗೆ ತರುತ್ತೆ. ವಿರಾಮಕ್ಕೆ ಆ ಕೀಲಿಯನ್ನೇ ಕಾಯುತ್ತಾ ಕೂತರೆ ಆಟ ಓಡ್ತಾನೇ ಇರುತ್ತೆ, ಮೌಸ್ ಮಾತ್ರ ಹೊರಗೆ. ಮೌಸ್ ಹಿಡಿತ ತಪ್ಪಿದ ಸೂಚನೆ ಬಂದ ತಕ್ಷಣ ವಿರಾಮ ಹಾಕಬೇಕು.

ಇನ್ನೊಂದು, ಬಾಣದ ಕೀಲಿ, ಸ್ಪೇಸ್ ಒತ್ತಿದರೆ ಆಟದ ಜೊತೆ ಪುಟವೂ ಮೇಲೆ ಕೆಳಗೆ ಓಡೋದು. ಆ ಕೀಲಿಗಳ ಮೂಲ ಕೆಲಸವನ್ನು ತಡೆಯುವ ಒಂದು ಸಾಲು ಬಿಟ್ಟುಹೋಗಿದೆ ಅಷ್ಟೇ. ಕೀಲಿ ಒತ್ತಿಕೊಂಡೇ ಬೇರೆ ಕಿಟಕಿಗೆ ಹೋದ್ರೆ ಕೀಲಿ ಬಿಟ್ಟ ಸುದ್ದಿ ಆಟಕ್ಕೆ ಮುಟ್ಟೋದೇ ಇಲ್ಲ. ವಾಪಸ್ ಬಂದಾಗ ಪಾತ್ರ ತನ್ನಷ್ಟಕ್ಕೆ ಎಡಗಡೆ ಓಡುತ್ತಿರುತ್ತೆ. ಕಿಟಕಿ ಗಮನ ಕಳೆದುಕೊಂಡ ಕ್ಷಣ ಒತ್ತಿದ ಕೀಲಿಗಳ ಪಟ್ಟಿ ಖಾಲಿ ಮಾಡಬೇಕು.

ನಮ್ಮಂಥವರಿಗೆ ಮುಖ್ಯವಾದದ್ದು ಇದು: ಕೀಲಿಮಣೆ ಕನ್ನಡ ಇನ್‌ಸ್ಕ್ರಿಪ್ಟ್‌ನಲ್ಲಿದ್ದರೆ ಡಬ್ಲ್ಯು ಒತ್ತಿದಾಗ ಐತ್ವ, ಎ ಒತ್ತಿದಾಗ ಓತ್ವ, ಎಸ್‌ಗೆ ಏತ್ವ, ಡಿ ಒತ್ತಿದಾಗ ಹಲಂತ. ಆಟ "ಡಬ್ಲ್ಯು ಅಕ್ಷರ ಬಂತಾ" ಅಂತ ಕೇಳುತ್ತಿದ್ದರೆ ಪಾತ್ರ ಕದಲೋದೇ ಇಲ್ಲ. ಫ್ರೆಂಚ್ ಕೀಲಿಮಣೆಯಲ್ಲೂ ಇದೇ ಗೋಳು, ಅಲ್ಲಿ ಆ ಜಾಗದಲ್ಲಿ ಝಡ್, ಕ್ಯೂ ಇವೆ. ಬ್ರೌಸರ್ ಎರಡು ಮಾಹಿತಿ ಕೊಡುತ್ತೆ: ಕೀ ಅಂದರೆ ಮೂಡಿದ ಅಕ್ಷರ, ಕೋಡ್ ಅಂದರೆ ಕೀಲಿ ಇರುವ ಜಾಗ. ಚಲನೆಗೆ ಯಾವಾಗಲೂ ಕೋಡ್. ಅಕ್ಷರ ಟೈಪ್ ಮಾಡುವ ಆಟಕ್ಕೆ ಮಾತ್ರ ಕೀ.

ಎರಡನೇಸುತ್ತು:

ಜಿಗಿಯುವ ಆಟಗಳಿಗೆ ಇದರ ಜೊತೆ ಎರಡು ಸಣ್ಣ ಸೇರ್ಪಡೆ. ಕಟ್ಟೆಯ ಅಂಚು ದಾಟಿದ ಮೇಲೂ 80ರಿಂದ 100 ಮಿಲಿಸೆಕೆಂಡ್ ಜಿಗಿತಕ್ಕೆ ಅವಕಾಶ ಇರಬೇಕು. ನೆಲ ಮುಟ್ಟುವ 100 ಮಿಲಿಸೆಕೆಂಡ್ ಮೊದಲೇ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ಮುಟ್ಟಿದೊಡನೆ ಜಿಗಿಸಬೇಕು. ಇವೆರಡೂ ಇಲ್ಲದ ಆಟಕ್ಕೇ ಜನ "ಕಂಟ್ರೋಲ್ ಸರಿಯಿಲ್ಲ" ಅನ್ನೋದು.

ಪಗಡೆಕಾಯಿ:

ಉಳಿಸಿಟ್ಟ ಆಟ ಮಾಯವಾಗುವುದರ ಬಗ್ಗೆ ಯಾರೂ ಬರೆದಿಲ್ಲ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಬಹಳಷ್ಟು ಪುಕ್ಕಟೆ ಆಟಗಳು ಪ್ರಗತಿಯನ್ನು ಲೋಕಲ್ ಸ್ಟೋರೇಜ್‌ನಲ್ಲಿ ಇಡುತ್ತವೆ. ಅದು ಬ್ರೌಸರಿನೊಳಗೆ ಒಂದು ವಿಳಾಸಕ್ಕೆ ಸುಮಾರು 5 ಎಂಬಿಯ ಪೆಟ್ಟಿಗೆ. ವಿಳಾಸ ಅಂದರೆ ಪ್ರೋಟೋಕಾಲ್, ಡೊಮೇನ್, ಪೋರ್ಟ್ ಮೂರೂ ಸೇರಿ. ಆಟದ ಫೈಲ್‌ಗಳನ್ನು ಬೇರೆ ಉಪಡೊಮೇನಿಗೆ ಸಾಗಿಸಿದರೆ ಹಳೆಯ ಪೆಟ್ಟಿಗೆ ಅಲ್ಲೇ ಉಳಿದು ಹೊಸ ಪೆಟ್ಟಿಗೆ ಖಾಲಿ ತೆರೆದುಕೊಳ್ಳುತ್ತದೆ. 2023ರಲ್ಲಿ ಕ್ರೋಮ್ 115 ಬಂದ ಮೇಲೆ ಒಂದು ಪುಟದೊಳಗೆ ಕೂರಿಸಿದ ಆಟದ ಪೆಟ್ಟಿಗೆ ಹೊರಗಿನ ತಾಣಕ್ಕೊಂದರಂತೆ ಬೇರೆಯಾಗುತ್ತದೆ. ಒಂದೇ ಆಟವನ್ನು ಎರಡು ತಾಣಗಳಲ್ಲಿ ಆಡಿದರೆ ಎರಡು ಪ್ರತ್ಯೇಕ ಉಳಿತಾಯ. ಸಫಾರಿ 2020ರಿಂದ ಇನ್ನೂ ಬಿಗಿ: ಬ್ರೌಸರ್ ಬಳಸಿದ 7 ದಿನ ಆ ತಾಣವನ್ನು ಮುಟ್ಟದಿದ್ದರೆ ಪೆಟ್ಟಿಗೆ ಅಳಿಸಿಹೋಗುತ್ತದೆ. ರಜೆಗೆ ಹೋಗಿ ಬಂದವರ ಐವತ್ತು ಹಂತಗಳು ಹೋದದ್ದು ಹೀಗೆ. ತಾಣದ ಡೇಟಾವನ್ನು ಪೂರ್ತಿ ತಡೆದಿಟ್ಟಿದ್ದರೆ ಪೆಟ್ಟಿಗೆಯನ್ನು ಮುಟ್ಟುವುದೇ ದೋಷವಾಗಿ, ಅದನ್ನು ಹಿಡಿಯುವ ಕೋಡ್ ಇಲ್ಲದ ಆಟ ಬಿಳಿಪರದೆಯಲ್ಲಿ ನಿಲ್ಲುತ್ತದೆ.

ಪರಿಹಾರ ಹಳೆಯದೇ. ಕ್ಲಿಕ್ ಮಾಡಿ ಬಿಸ್ಕತ್ತು ಗಳಿಸುವ 2013ರ ಕುಕಿ ಕ್ಲಿಕ್ಕರ್ ಆಟದಲ್ಲಿ ಉಳಿತಾಯವನ್ನು ಒಂದು ಉದ್ದ ಪಠ್ಯವಾಗಿ ನಕಲಿಸಿಕೊಂಡು ಬೇರೆಡೆ ಅಂಟಿಸಬಹುದು. ಸರ್ವರ್ ಬೇಡ, ಲಾಗಿನ್ ಬೇಡ. ಒಂದು ಗುಂಡಿ ಹೊರಗೆ ತೆಗೆಯಲು, ಒಂದು ಒಳಗೆ ಹಾಕಲು. ಜೊತೆಗೆ ಉಳಿತಾಯದಲ್ಲಿ ಆವೃತ್ತಿ ಸಂಖ್ಯೆ ಇರಲಿ. ಇಲ್ಲದಿದ್ದರೆ ಹೊಸ ಆವೃತ್ತಿ ಹಳೆಯ ಉಳಿತಾಯವನ್ನು ಅರ್ಥ ಮಾಡಿಕೊಳ್ಳಲಾಗದೆ ಮೊದಲಿನಿಂದ ಶುರುಮಾಡುತ್ತದೆ.

ಹೊಸಮನೆ:

ತಾನಾಗೇ ಓಡುವ ಐಡಲ್ ಆಟಗಳಲ್ಲಿ ಟ್ಯಾಬ್ ಹಿಂದಕ್ಕೆ ಹೋದರೆ ಸಂಪಾದನೆ ನಿಂತುಹೋಗುತ್ತಲ್ಲ, ಅದೂ ಉಳಿತಾಯದ ಸಮಸ್ಯೆಯೇ?

ಬಿಡಿಸಂಖ್ಯೆ:

ಅಲ್ಲ, ಅದು ಟೈಮರ್. ಮರೆಯಲ್ಲಿರುವ ಟ್ಯಾಬಿಗೆ ಚಿತ್ರ ಬಿಡಿಸುವ ಕರೆ ಬರುವುದೇ ಇಲ್ಲ. ಉಳಿದ ಟೈಮರ್‌ಗಳು ಸೆಕೆಂಡಿಗೆ ಒಂದಕ್ಕೆ ಇಳಿಯುತ್ತವೆ, 2021ರ ಕ್ರೋಮ್ 88ರಿಂದ 5 ನಿಮಿಷ ಮರೆಯಾಗಿ ಸದ್ದಿಲ್ಲದೆ ಇದ್ದರೆ ನಿಮಿಷಕ್ಕೆ ಒಂದೇ. "ಪ್ರತಿ 100 ಮಿಲಿಸೆಕೆಂಡಿಗೆ 10 ಸೇರಿಸು" ಎಂದು ಬರೆದ ಆಟ ನಿಮಿಷಕ್ಕೆ 6000 ಗಳಿಸುವ ಬದಲು 10 ಗಳಿಸುತ್ತದೆ. ಟೈಮರ್ ಎಷ್ಟು ಸಲ ಬಡಿಯಿತು ಎಂದು ಎಣಿಸದೆ, ಹಿಂದಿನ ಲೆಕ್ಕದ ಗಳಿಗೆಯಿಂದ ಎಷ್ಟು ಹೊತ್ತಾಯಿತು ಎಂದು ನೋಡಿ ಸೇರಿಸಬೇಕು. ಸಮಯ ಹಿಂದಕ್ಕೆ ಹೋಗಿದ್ದರೆ ಸೊನ್ನೆ ಎಂದು ಹಿಡಿಯಿರಿ, ಇಲ್ಲದಿದ್ದರೆ ಗಡಿಯಾರ ತಿದ್ದಿದವರ ಖಾತೆಯಲ್ಲಿ ಋಣ ಸಂಖ್ಯೆ ಬರುತ್ತದೆ.

ಐಡಲ್ ಆಟಗಳ ಬೆಲೆಯೇರಿಕೆಯನ್ನೂ ವಿಮರ್ಶೆ ಮಾಡುವವರು ಲೆಕ್ಕ ಹಾಕಬೇಕು. ಕುಕಿ ಕ್ಲಿಕ್ಕರ್‌ನಲ್ಲಿ ಪ್ರತಿ ಕಟ್ಟಡದ ಬೆಲೆ ಹಿಂದಿನದರ 1.15 ಪಟ್ಟು. ಐದು ಕೊಂಡರೆ ಬೆಲೆ ಎರಡರಷ್ಟು, ಐವತ್ತು ಕೊಂಡರೆ ಸಾವಿರ ಪಟ್ಟು ಮೀರುತ್ತದೆ. ಉತ್ಪನ್ನ ಮಾತ್ರ ಒಂದೊಂದೇ ಕೂಡುತ್ತದೆ. ಹೊಸ ಬಗೆಯ ಕಟ್ಟಡ, ದುಪ್ಪಟ್ಟು ಮಾಡುವ ಸುಧಾರಣೆಗಳು ಆ ಅಂತರವನ್ನು ತುಂಬುತ್ತವೆ. ಅನುಕರಿಸಿದವರು 1.15 ಅನ್ನು ಮಾತ್ರ ತೆಗೆದುಕೊಂಡು ಸುಧಾರಣೆಗಳನ್ನು ವಿರಳ ಮಾಡುತ್ತಾರೆ. ಆಟದ ನಡುವೆ ಗೋಡೆ ಎದ್ದಂತೆ ಅನಿಸುವುದು ಅದಕ್ಕೇ.

ಪಗಡೆಕಾಯಿ:

"ಶಕ್ತಿ" ಖರ್ಚಾಗುವ ಆಟಗಳಿಗೂ ಇಂಥದೇ ಲೆಕ್ಕ ಹಾಕಿ. 5 ನಿಮಿಷಕ್ಕೆ ಒಂದು, ಗರಿಷ್ಠ 30 ಅಂದರೆ 150 ನಿಮಿಷಕ್ಕೆ ತುಂಬುತ್ತದೆ. 8 ಗಂಟೆ ಮಲಗಿ ಎದ್ದರೆ 96 ಬರಬೇಕಿತ್ತು, 66 ಪೋಲು. ರಾತ್ರಿ ಎದ್ದು ಆಡುವವರಿಗೆ ಲಾಭ ಕೊಡುವ ವಿನ್ಯಾಸ ಇದು. ಕೆಟ್ಟದ್ದು ಎಂದೇ ಹೇಳುತ್ತೇನೆ. ಗರಿಷ್ಠ ಮಿತಿಯನ್ನು 100ಕ್ಕೆ ಏರಿಸಿದರೆ ಯಾರ ನಿದ್ದೆಯೂ ಕೆಡುವುದಿಲ್ಲ.

ಕಪ್ಪುಪರದೆ:

ಜಾಹೀರಾತಿನ ಮಾತು ಬರಲೇಬೇಕು. ಹಂತ 20 ಸೆಕೆಂಡ್, ಸತ್ತಾಗಲೆಲ್ಲ 30 ಸೆಕೆಂಡ್ ಜಾಹೀರಾತು. ಹತ್ತು ಸಲ ಸತ್ತರೆ ಆಟ 200 ಸೆಕೆಂಡ್, ಜಾಹೀರಾತು 300. ಸತ್ತು ಮತ್ತೆ ಶುರುಮಾಡುವ ನಡುವೆ ಜಾಹೀರಾತು ಇರಲೇಬಾರದು.

ಹೊಸಮನೆ:

ಕಪ್ಪುಪರದೆ ಅವರೇ, ಆಟ ಹಾಕಿದ ಪೋರ್ಟಲ್ಲೇ ಹಲವು ಸಲ ಜಾಹೀರಾತು ಎಲ್ಲಿ ಬರಬೇಕು ಅಂತ ಹೇಳುತ್ತೆ. ಮಾಡಿದವರ ಮೇಲೆ ಪೂರ್ತಿ ಹೊರಿಸೋದು ಸರಿಯಲ್ಲ. ಅವರಿಗೆ ಬರುವ ಆದಾಯ ಅದೊಂದೇ.

ಕಪ್ಪುಪರದೆ:

ಆದಾಯ ಬೇಡ ಅಂತ ಹೇಳ್ತಾ ಇಲ್ಲ. ಜಾಹೀರಾತಿನ ಕರೆ ಕಳಿಸೋ ಜಾಗ ಆಟದ ಕೋಡ್‌ನಲ್ಲೇ ಇರುತ್ತಲ್ಲ. ಹಂತ ಗೆದ್ದ ಮೇಲೆ, ಹಿಂದಿನದಾಗಿ ಮೂರು ನಿಮಿಷ ಕಳೆದಿದ್ದರೆ ಮಾತ್ರ ಕರೆಯಿರಿ. ಬಂದಾಗ ಆಟದ ಸದ್ದು ನಿಲ್ಲಿಸಿ, ಟೈಮರ್ ನಿಲ್ಲಿಸಿ. ಜಾಹೀರಾತು ಬರದೇ ಇದ್ದರೆ ಏನು ಅನ್ನೋದನ್ನ ಮರೆಯೋರೇ ಜಾಸ್ತಿ: ಜಾಹೀರಾತು ತಡೆಯೋ ಬ್ಲಾಕರ್ ಇದ್ದವರಿಗೆ "ಮುಗಿಯಿತು" ಅನ್ನೋ ಉತ್ತರ ಬರೋದೇ ಇಲ್ಲ, ಆಟ ಕಪ್ಪುಪರದೆಯಲ್ಲಿ ಕಾಯ್ತಾ ಕೂರುತ್ತೆ. ಕೆಲವು ಸೆಕೆಂಡಿನ ಗಡುವು ಇಟ್ಟು ಮುಂದೆ ಹೋಗಬೇಕು.

ಅಕ್ಷರಮಾಲೆ:

ಕನ್ನಡದ ಪದ ಆಟಗಳಿಗೆ ಒಂದು ಮಾತು. "ಸ್ತ್ರೀ" ಓದುವವರಿಗೆ ಒಂದೇ ಅಕ್ಷರ. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಉದ್ದ ಕೇಳಿದರೆ 6 ಅನ್ನುತ್ತದೆ: ಸ, ಹಲಂತ, ತ, ಹಲಂತ, ರ, ಈತ್ವ. ಇಂಗ್ಲಿಷಿನ ಐದಕ್ಷರದ ಪದ ಆಟವನ್ನು ಹಾಗೇ ಕನ್ನಡಕ್ಕೆ ತಂದರೆ ಒಂದು ಮನೆಯಲ್ಲಿ ಬರೀ ಹಲಂತ ಕೂರುತ್ತದೆ. ಮಾತುಕತೆ ಒಂದೊಂದೇ ಅಕ್ಷರವಾಗಿ ಮೂಡುವ ಆಟಗಳಲ್ಲೂ ಇದೇ ತೊಂದರೆ, ಒತ್ತಕ್ಷರ ಮೊದಲು ಬಿಡಿಯಾಗಿ ಕಂಡು ಆಮೇಲೆ ಕೂಡಿಕೊಂಡು ಸಾಲು ಕುಣಿಯುತ್ತದೆ. ಪಠ್ಯವನ್ನು ಮೊದಲೇ ಒಡೆದಿಟ್ಟುಕೊಳ್ಳಿ: ಹಲಂತದ ನಂತರ ವ್ಯಂಜನ ಬಂದರೆ ಹಿಂದಿನದಕ್ಕೆ ಸೇರಿಸಿ, ಹಲಂತ, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಬಂದರೂ ಸೇರಿಸಿ. ಉಳಿದಂತೆ ಹೊಸ ಅಕ್ಷರ. ಇನ್ನು ಚಿತ್ರದಿಂದ ಕತ್ತರಿಸಿದ ಅಕ್ಷರಗಳ ಫಾಂಟ್ ಕನ್ನಡಕ್ಕೆ ಆಗಿಬರುವುದೇ ಇಲ್ಲ, ಬ್ರೌಸರಿನ ಪಠ್ಯವನ್ನೇ ಆಟದ ಮೇಲೆ ಕೂರಿಸುವುದು ಸುಲಭ.

ಮೂಲೆಚೌಕ:

ದಿನಕ್ಕೊಂದು ಪದದ ಆಟಗಳ ಉತ್ತರ ಪುಟದ ಕೋಡ್‌ನಲ್ಲೇ ಇರುತ್ತೆ ಅಂತ ಕೆಲವರು ದೂರ್ತಾರೆ. ಐದಕ್ಷರದ ಇಂಗ್ಲಿಷ್ ಪದ ಊಹಿಸುವ ವರ್ಡಲ್ ಶುರುವಿನಲ್ಲಿ 2,315 ಉತ್ತರಗಳ ಪಟ್ಟಿಯನ್ನು ಬ್ರೌಸರಿಗೇ ಕಳಿಸುತ್ತಿತ್ತು. ಒಬ್ಬರೇ ಆಡುವ ಆಟಕ್ಕೆ ಅದು ದೋಷ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ಸರ್ವರ್ ಇಲ್ಲದೆಯೂ ಓಡಿತು. ಅಂಕಪಟ್ಟಿ ಇದ್ದರೆ ಮಾತ್ರ ತೊಂದರೆ. ಬ್ರೌಸರ್ ಕಳಿಸಿದ ಅಂಕವನ್ನು ಸರ್ವರ್ ಕಣ್ಣುಮುಚ್ಚಿ ನಂಬಬಾರದು, ನಡೆಗಳ ಪಟ್ಟಿ ಕಳಿಸಲು ಹೇಳಿ ತಾನೇ ಮತ್ತೆ ಆಡಿಸಿ ನೋಡಬೇಕು.

ಹೊಸಮನೆ:

ಕೊನೆಯದಾಗಿ ಒಂದು ಪ್ರಶ್ನೆ. ಬ್ರೌಸರ್‌ಗಳು ಕೈಬಿಟ್ಟ ಫ್ಲ್ಯಾಶ್ ಕಾಲದ ಆಟಗಳನ್ನು ಈಗ ರಫಲ್ ಅನ್ನೋ ಫ್ಲ್ಯಾಶ್ ಅನುಕರಿಸುವ ತಂತ್ರಾಂಶದಲ್ಲಿ ಆಡಿಸುವ ತಾಣಗಳಿವೆ. ಅವುಗಳ ವಿಮರ್ಶೆ ಬರೆಯುವಾಗಲೂ ಇದೇ ಅಳತೆಗೋಲಾ?

ಬಿಡಿಸಂಖ್ಯೆ:

ವೇಗದ ವಿಷಯದಲ್ಲಿ ಅಲ್ಲ. ಫ್ಲ್ಯಾಶ್ ಫೈಲಿನ ತಲೆಯಲ್ಲೇ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಬರೆದಿರುತ್ತದೆ, ಪರದೆ 144 ಹರ್ಟ್ಸ್ ಇದ್ದರೂ 30 ಎಂದು ಬರೆದದ್ದು 30ರಲ್ಲೇ ಓಡುತ್ತದೆ. ಕೀಲಿ, ಕಲಸುವಿಕೆ, ಹಂತಗಳ ವಿನ್ಯಾಸಕ್ಕೆ ಇದೇ ಅಳತೆಗೋಲು ಸರಿ. ಆಟದ ತಪ್ಪೋ ರಫಲ್‌ನ ಕೊರತೆಯೋ ಎನ್ನುವುದನ್ನು ಮೊದಲು ಬೇರೆ ಮಾಡಿ: ಫ್ಲ್ಯಾಶ್‌ನ ಕೋಡ್ ಭಾಷೆ ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದ ಆಟದಲ್ಲಿ ಗುಂಡಿ ಕೆಲಸ ಮಾಡದಿದ್ದರೆ ಮೂಲ ಆಟವನ್ನು ಬೈಯುವ ಮುನ್ನ ಹಳೆಯ ವೆಬ್ ಆಟಗಳನ್ನು ಕಾಪಿಟ್ಟ ಫ್ಲ್ಯಾಶ್‌ಪಾಯಿಂಟ್ ಸಂಗ್ರಹದಲ್ಲಿ ಅದೇ ಆಟ ತೆರೆದು ನೋಡಿ.

ಪಗಡೆಕಾಯಿ:

ಉಳಿತಾಯದಲ್ಲಂತೂ ಎಚ್ಚರ ಬೇಕು. ಫ್ಲ್ಯಾಶ್ ತನ್ನದೇ ಫೈಲಿನಲ್ಲಿ ಇಡುತ್ತಿತ್ತು, ಕೇಳದೆ 100 ಕೆಬಿವರೆಗೆ. ರಫಲ್ ಅದನ್ನು ಲೋಕಲ್ ಸ್ಟೋರೇಜ್‌ಗೆ ತಿರುಗಿಸುತ್ತದೆ, ಹಾಗಾಗಿ ಮೇಲೆ ಬರೆದ ಸಫಾರಿಯ 7 ದಿನದ ಲೆಕ್ಕ ಇದಕ್ಕೂ ಅನ್ವಯ. ಪುಟದ ಆಟದ ಮೇಲೆ ಬಲಕ್ಲಿಕ್ ಮಾಡಿದರೆ ರಫಲ್‌ನ ಮೆನುವಿನಲ್ಲಿ ಉಳಿತಾಯಗಳನ್ನು ಇಳಿಸಿಕೊಳ್ಳುವ ಆಯ್ಕೆ ಇದೆ, ದೊಡ್ಡ ಆಟ ಶುರುಮಾಡುವ ಮುನ್ನ ಅದು ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.